ಓದುಗರ ಪ್ರಶ್ನೆ: ಹೂತ ಕೋಳಿ, ಏರಿದ ರೇಟು

ಪ್ರಶ್ನೆ: ನಮ್ಮದು ಬಂಗಾರಪೇಟೆ ತಾಲ್ಲೂಕಿನ ಹಳ್ಳಿ. 2020ರ ಮಾರ್ಚಿನಲ್ಲಿ ಸ್ವಂತ ದುಡ್ಡು ಹಾಕಿ ಸಾಕಿದ್ದ ಒಂದು ಬ್ಯಾಚ್ ಕೋಳಿಯನ್ನು ಗುಂಡಿ ತೋಡಿ ಹೂತೆವು. ಎರಡು ತಿಂಗಳಿಗೆಲ್ಲ ಕೋಳಿ ರೇಟು ಏರಿಬಿಟ್ಟಿತು. ಅದು ಹೇಗೆ? ಈಗ ಮಗ ಕೋಲಾರದಲ್ಲಿ ಕೋಳಿ ಅಂಗಡಿಯಲ್ಲಿ ಕಟಿಂಗ್ ಕೆಲಸಕ್ಕಿದ್ದಾನೆ. ವಿದೇಶದಲ್ಲಿ ಮಾಂಸದ ಕಾರ್ಖಾನೆಯವರಿಗೇ ಕೊರೊನಾ ಜಾಸ್ತಿ ಬಂತಂತೆ, ನಿಜವಾ ಮೇಡಂ? ಮತ್ತೆ ಅಂಥದ್ದು ಬಂದರೆ ಅಂತ ಭಯ.
– ಒಬ್ಬ ರೈತ, ಕೋಲಾರ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು. ಕೋಳಿ ತಿಂದರೆ ಕೊರೊನಾ ಬರುತ್ತೆ ಅನ್ನೋದು ಶುದ್ಧ ಸುಳ್ಳು. ವಾಟ್ಸಾಪಿನಲ್ಲಿ ಹರಿದಾಡಿದ ಆ ಸುಳ್ಳು ನಂಬಿ ಜನ ಕೋಳಿ ಕೊಳ್ಳೋದೇ ಬಿಟ್ಟರು, ಅದಕ್ಕೆ ದಂಡ ಕಟ್ಟಿದವರು ನೀವು.

ನಲವತ್ತು ದಿನ ದಾಟಿದ ಬ್ರಾಯ್ಲರ್ ಕೋಳಿ ದಿನಕ್ಕೆ ಹೆಚ್ಚು ಕಡಿಮೆ 200 ಗ್ರಾಂ ಫೀಡ್ ತಿನ್ನುತ್ತದೆ. 5,000 ಕೋಳಿ ಇದ್ದರೆ ದಿನಕ್ಕೆ ಒಂದು ಟನ್, ಅಂದರೆ 50 ಕೆಜಿಯ 20 ಮೂಟೆ. ಕೊಳ್ಳುವವರಿಲ್ಲ, ಇವು ತಿನ್ನೋದು ನಿಲ್ಲಿಸಲ್ಲ, ತೂಕ ಏರ್ತಾನೇ ಇರುತ್ತೆ. ಟೊಮೆಟೊ ಆದರೆ ಗಿಡದಲ್ಲೇ ಬಿಟ್ಟುಬಿಡಬಹುದು. ಕೋಳಿಯನ್ನು ಹಸಿವಿಗೆ ಬಿಡೋಕಾಗುತ್ತಾ? ಅದಕ್ಕೇ ಗುಂಡಿ ತೋಡಿದಿರಿ. ಅದು ನಿಮ್ಮ ತಪ್ಪಲ್ಲ.

ಇನ್ನು ರೇಟು. ಎಲ್ಲರೂ ಕೈಸುಟ್ಟುಕೊಂಡಿದ್ದರಿಂದ ಹೊಸ ಮರಿ ಬಿಡುವವರೇ ಇರಲಿಲ್ಲ. ಮೊಟ್ಟೆ ಮರಿಯಾಗೋಕೆ 21 ದಿನ, ಮರಿ ಮಾರಾಟಕ್ಕೆ ಬರೋಕೆ 40-45 ದಿನ. ಅಂದರೆ ಮಾರ್ಚಿನಲ್ಲಿ ಬಿಡದ ಮರಿ ಮೇ ತಿಂಗಳಲ್ಲಿ ಅಂಗಡಿಯಲ್ಲಿ ಇರಲ್ಲ. ಅಷ್ಟು ಹೊತ್ತಿಗೆ ಜನರ ಭಯ ಕಳೆದಿತ್ತು, ಲಾಕ್‌ಡೌನಿನಲ್ಲೂ ಮಾಂಸದ ಅಂಗಡಿಗೆ ವಿನಾಯಿತಿ ಇತ್ತು, ಕೊಳ್ಳೋಕೆ ಜನ ಬಂದರು, ಕೋಳಿ ಇರಲಿಲ್ಲ. ಆ ರೇಟು ಸಿಕ್ಕಿದ್ದು ಕೈಯಲ್ಲಿ ಕೋಳಿ ಉಳಿದವರಿಗೆ ಮಾತ್ರ.

ಮಗನ ವಿಷಯ. ನೀವು ಕೇಳಿದ್ದು ನಿಜ, ಆದರೆ ಕಾರಣ ಮಾಂಸವಲ್ಲ. ಅಮೆರಿಕದ ಸೌತ್ ಡಕೋಟಾದಲ್ಲಿ ಒಂದು ದೊಡ್ಡ ಹಂದಿ ಮಾಂಸದ ಕಾರ್ಖಾನೆಯನ್ನು 2020ರ ಏಪ್ರಿಲ್‌ನಲ್ಲಿ ಮುಚ್ಚಬೇಕಾಯಿತು. ಜರ್ಮನಿಯ ರೇಡಾ-ವೀಡನ್‌ಬ್ರೂಕ್‌ನ ಕಸಾಯಿ ಕಾರ್ಖಾನೆಯಲ್ಲಿ ಜೂನ್ ತಿಂಗಳಲ್ಲಿ 1,500ಕ್ಕೂ ಹೆಚ್ಚು ಜನರಿಗೆ ಸೋಂಕು ಬಂತು. ಭುಜಕ್ಕೆ ಭುಜ ತಾಗುವಂತೆ ನಿಂತು ಕತ್ತರಿಸುವ ಕೆಲಸ, ತಣ್ಣಗಿನ ಗಾಳಿ ಒಳಗೇ ಸುತ್ತುತ್ತಿರುತ್ತದೆ, ಮೆಷಿನ್ ಸದ್ದಿಗೆ ಕೂಗಿ ಕೂಗಿ ಮಾತಾಡಬೇಕು. ಕೆಲಸ ಮುಗಿದ ಮೇಲೆ ಒಂದೇ ರೂಮಿನಲ್ಲಿ ಹಲವರು ಮಲಗೋದು. ಎಷ್ಟೋ ಜನ ಹೊರದೇಶದಿಂದ ಹೊಟ್ಟೆಪಾಡಿಗೆ ಬಂದವರು, ರಜೆ ಹಾಕಿದರೆ ಸಂಬಳ ಹೋಗುತ್ತೆ ಅಂತ ಜ್ವರ ಬಂದರೂ ಬಂದವರಿದ್ದಾರೆ. ಜರ್ಮನಿ 2021ರ ಜನವರಿಯಿಂದ ಕಸಾಯಿ ಕೆಲಸಕ್ಕೆ ಗುತ್ತಿಗೆ ಆಳು ಇಟ್ಟುಕೊಳ್ಳೋದನ್ನೇ ನಿಲ್ಲಿಸಿತು. ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ.

ನಿಮ್ಮ ಮಗನ ಅಂಗಡಿ ಅಷ್ಟು ದೊಡ್ಡದಲ್ಲ, ಮುಂದೆ ತೆರೆದಿರುತ್ತೆ, ಗಾಳಿ ಆಡುತ್ತೆ. ಅಂಥ ಕಾಲ ಬಂದರೆ ಮಾಸ್ಕ್ ಹಾಕಲಿ, ಹಿಂದಿನ ಬಾಗಿಲಿದ್ದರೆ ಅದನ್ನೂ ತೆಗೆದಿಡಲಿ. ಜ್ವರ ಬಂದ ದಿನ ಕೂಲಿ ಕಟ್ ಆಗುತ್ತಾ ಅಂತ ಮಾಲೀಕರನ್ನು ಈಗಲೇ ಕೇಳಿಟ್ಟುಕೊಳ್ಳಲಿ, ಆಗ ಕೇಳೋದು ಕಷ್ಟ.

ಹಕ್ಕಿಜ್ವರ ಮಾತ್ರ ಬೇರೆ ಮಾತು. 2025ರಲ್ಲಿ ನಿಮ್ಮ ಪಕ್ಕದ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲೇ ಬಂದಿತ್ತಲ್ಲ, ಅದು ನಿಜವಾಗಿಯೂ ಕೋಳಿಯ ರೋಗ. ಕೋಳಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟಬೇಡಿ, ನೀವೇ ಹೂಳಬೇಡಿ, ಮೊದಲು ಪಶು ಆಸ್ಪತ್ರೆಗೆ ಹೇಳಿ. ಸರ್ಕಾರ ಕೊಲ್ಲಿಸಿದ ಕೋಳಿಗೆ ಪರಿಹಾರದ ನಿಯಮ ಇದೆ, ರೇಟು ಬಿದ್ದು ನೀವೇ ಹೂತಿದ್ದಕ್ಕೆ ಇಲ್ಲ.

ಮತ್ತೆ ಸಾಕುವ ಮನಸ್ಸಿದ್ದರೆ ಕಂಪನಿ ಕೋಳಿಯನ್ನೂ ಯೋಚಿಸಿ. ಮರಿ, ಫೀಡ್, ಔಷಧಿ ಅವರದು, ಶೆಡ್ಡು ಮತ್ತು ಕೆಲಸ ನಿಮ್ಮದು, ಕೆಜಿ ಲೆಕ್ಕದಲ್ಲಿ ಸಾಕಣೆ ಕೂಲಿ. ಲಾಭ ಕಮ್ಮಿ. ಆದರೆ ಕಂಪನಿಯವರು ಸಮಯಕ್ಕೆ ಕೋಳಿ ಎತ್ತದಿದ್ದರೆ ನಷ್ಟ ಯಾರದು ಅಂತ ಕರಾರಿನಲ್ಲಿ ಬರೆಸಿಕೊಂಡೇ ಸಹಿ ಹಾಕಿ.