ಎಳ್ಳಿನ ಬುಟ್ಟಿಯಿಂದ ದೇವಸ್ಥಾನಕ್ಕೆ ಹಣ ಕೂಡಿಸಬಹುದೇ?

ಪ್ರಶ್ನೆ: ಅಕ್ಕ, ನ್ಯೂಜೆರ್ಸಿಯಲ್ಲಿರುವ ನನ್ನ ಮಗಳ ಪಕ್ಕದ ಮನೆಯವರು ಯಹೂದಿಗಳು. ಪೂರಿಮ್ ಹಬ್ಬದ ದಿನ ಅವರ ಬಾಗಿಲಿಗೆ ಒಂದು ಬುಟ್ಟಿ ಬಂತಂತೆ. ಮೂರು ಮೂಲೆಯ ಬಿಸ್ಕತ್ತು, ಕಿತ್ತಳೆ, ಒಣಹಣ್ಣು, ಜೊತೆಗೆ ಹತ್ತಾರು ಮನೆಗಳ ಹೆಸರಿದ್ದ ಕಾರ್ಡು. ಇದರಿಂದಲೇ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹಣ ಕೂಡುತ್ತದಂತೆ. ಹೇಗೆ? ನಮ್ಮ ಬಡಾವಣೆಯ ದೇವಸ್ಥಾನದ ಅಡುಗೆಮನೆ ಸೋರುತ್ತಿದೆ. ಸಂಕ್ರಾಂತಿಗೆ ಎಳ್ಳಿನ ಬುಟ್ಟಿ ಮಾಡೋಣವೆಂದರೆ ಮಹಿಳಾ ಮಂಡಳಿಯಲ್ಲಿ ಕೆಲವರು ‘ಹಬ್ಬ ಮಾರೋದಾ?’ ಅನ್ನುತ್ತಾರೆ.
– ಒಬ್ಬ ಓದುಗಿ, ಹಾಸನ

ಉತ್ತರ: ಮಾಡಿ ಅಂತಲೇ ಹೇಳುತ್ತೇನೆ. ಆದರೆ ಆ ಬುಟ್ಟಿಯ ಹಿಂದಿನ ಲೆಕ್ಕವನ್ನೂ ಧರ್ಮವನ್ನೂ ಎರಡನ್ನೂ ತಿಳಿದು ಮಾಡಿ.

ಪರ್ಷಿಯಾದ ಯಹೂದಿಗಳನ್ನು ನಿರ್ನಾಮ ಮಾಡಲು ಹಾಮಾನನೆಂಬ ಮಂತ್ರಿ ಹೂಡಿದ ಸಂಚು ಮುರಿದುಬಿದ್ದ ನೆನಪಿನ ಹಬ್ಬ ಪೂರಿಮ್. ಆ ದಿನ ಒಬ್ಬರಿಗೊಬ್ಬರು ತಿನಿಸು ಕಳಿಸಬೇಕು, ಬಡವರಿಗೆ ಕೊಡಬೇಕು ಎಂದು ಈ ಕಥೆ ಹೇಳುವ ಅವರ ಧರ್ಮಗ್ರಂಥ ‘ಎಸ್ತೇರಳ ಗ್ರಂಥ’ದಲ್ಲೇ ಇದೆ. ಕಡೇಪಕ್ಷ ಒಬ್ಬರಿಗೆ, ಹಾಗೇ ಬಾಯಿಗೆ ಹಾಕಿಕೊಳ್ಳುವಂಥ ಎರಡು ಬಗೆ ತಿನಿಸು. (ಹುಣ್ಣಿಮೆ ಆಸುಪಾಸಿನ ಹಬ್ಬ ಅದು, 2025ರಲ್ಲಿ ನಮ್ಮ ಹೋಳಿಯ ದಿನವೇ, ಮಾರ್ಚ್ 14ಕ್ಕೆ ಬಂದಿತ್ತು.)

ಇನ್ನು ಹಣದ ಮಾತು. ಸಿನಗಾಗ್‌ನವರು ಸದಸ್ಯರ ಪಟ್ಟಿಯನ್ನು ಮನೆಮನೆಗೆ ಕಳಿಸುತ್ತಾರೆ. ಯಾರಿಗೆ ಕಳಿಸಬೇಕೋ ಅವರ ಹೆಸರಿಗೆ ಗುರುತು ಹಾಕಿ, ಹೆಸರಿಗಿಷ್ಟು ಅಂತ ಕಟ್ಟಬೇಕು. ಒಂದು ಮನೆಗೆ ಇಪ್ಪತ್ತು ಜನ ಕಳಿಸಿದರೂ ಹೋಗುವುದು ಒಂದೇ ಬುಟ್ಟಿ. ಕಾರ್ಡಿನಲ್ಲಿ ಇಪ್ಪತ್ತೂ ಹೆಸರು. ಉಳಿತಾಯ ಇರುವುದೇ ಅಲ್ಲಿ. ನಿಮ್ಮಲ್ಲಿ 100 ಮನೆ ಅಂದುಕೊಳ್ಳಿ. ಒಂದೊಂದು ಮನೆಯವರೂ 15 ಹೆಸರಿಗೆ, ಹೆಸರಿಗೆ 30 ರೂಪಾಯಿಯಂತೆ ಕಟ್ಟಿದರೆ 45,000. ಬುಟ್ಟಿಗೆ 150ರಂತೆ 15,000 ಖರ್ಚು ಕಳೆದರೆ 30,000 ಕೈಯಲ್ಲಿ ಉಳಿಯುತ್ತದೆ.

ಕೆಲವು ಕಡೆ ಇನ್ನೊಂದು ಏರ್ಪಾಡೂ ಇದೆ: ನೀವು ಗುರುತು ಹಾಕದವರು ನಿಮಗೆ ಕಳಿಸಿದರೆ, ನಿಮ್ಮ ಲೆಕ್ಕದಲ್ಲಿ ತಾನಾಗಿಯೇ ಅವರಿಗೂ ಹೋಗುತ್ತದೆ. ಇದನ್ನು ಮಾತ್ರ ನೀವು ತರಬೇಡಿ. ಮದುವೆ ಮುಂಜಿಯ ಮುಯ್ಯಿ ತೀರಿಸುವುದರಲ್ಲೇ ನಮ್ಮ ಹೆಣ್ಣುಮಕ್ಕಳು ಹೈರಾಣಾಗಿದ್ದಾರೆ. ಎಳ್ಳು ಬೀರುವುದಕ್ಕೂ ಸಾಲದ ಲೆಕ್ಕ ಅಂಟಿಸಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

‘ಹಬ್ಬ ಮಾರೋದಾ’ ಅನ್ನುವವರನ್ನು ತಳ್ಳಿಹಾಕಬೇಡಿ, ಅವರ ಅಳುಕು ಸರಿಯಾದದ್ದೇ. ಪೂರಿಮ್‌ನಲ್ಲಿ ಬುಟ್ಟಿಯಲ್ಲದೆ ಕನಿಷ್ಠ ಇಬ್ಬರು ಬಡವರಿಗೆ ಬೇರೆಯಾಗಿ ಕೊಡಲೇಬೇಕು. ತನ್ನ ಔತಣಕ್ಕೂ ಗೆಳೆಯರ ಬುಟ್ಟಿಗೂ ಸುರಿಯುವುದಕ್ಕಿಂತ ಬಡವರಿಗೆ ಹೆಚ್ಚು ಕೊಡುವುದು ಮೇಲು ಎಂದು 12ನೇ ಶತಮಾನದ ಪಂಡಿತ ಮೈಮೊನಿಡೀಸ್ ಬರೆದಿಟ್ಟಿದ್ದಾನೆ. ನೀವೂ ಮೊದಲು ಅದಕ್ಕೆ ಹಣ ಎತ್ತಿಡಿ, ಆಮೇಲೆ ಮಾಡಿನ ರಿಪೇರಿ. ಯಾರೂ ಹೆಸರು ಹಾಕದ ಮನೆಗೂ, ಗಂಡ ತೀರಿಕೊಂಡವರೆಂದು ಎಳ್ಳು ಬೀರಲು ಯಾರೂ ಹೋಗದ ಮನೆಗೂ ಮಂಡಳಿಯ ಹೆಸರಿನಲ್ಲಿ ಅದೇ ಬುಟ್ಟಿ, ಅದೇ ಅಳತೆಯದ್ದು ಹೋಗಲಿ. ಯಾರು ಎಷ್ಟು ಕಟ್ಟಿದರೆಂದು ಕಾರ್ಡಿನಲ್ಲಿ ಕಾಣದಿರಲಿ. ಒಟ್ಟು ಲೆಕ್ಕವನ್ನು ಮಾತ್ರ ದೇವಸ್ಥಾನದ ಬೋರ್ಡಿಗೆ ಅಂಟಿಸಿ.

ಕೊಬ್ಬರಿಗೆ ಅರಸೀಕೆರೆ ಪಕ್ಕದಲ್ಲೇ ಇದೆ, ಸಗಟಿನಲ್ಲಿ ತನ್ನಿ. ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚುವುದಕ್ಕೆ ಕೈ ಬೇಕು, ಹತ್ತು ಜನ ಸಾಲುವುದಿಲ್ಲ. ಅಚ್ಚು ಬೆಲ್ಲ ಹೆಚ್ಚಿದ ಮೇಲೆ ಎರಡು ದಿನ ಬಿಸಿಲಿಗೆ ಹರವಿ. ಹಸಿಯಾಗಿ ಬೆರೆಸಿದರೆ ಎಳ್ಳೆಲ್ಲ ಅಂಟಿ ಮುದ್ದೆಯಾಗುತ್ತದೆ. ಧನುರ್ಮಾಸದ ಮಂಜಿನಲ್ಲಿ ಹಾಸನದ ಬಿಸಿಲನ್ನು ನಂಬುವಂತಿಲ್ಲ, ಆದ್ದರಿಂದ ಹೆಸರಿನ ಪಟ್ಟಿ ಡಿಸೆಂಬರ್ ಮೊದಲ ವಾರವೇ ಮನೆಗಳಿಗೆ ಹೋಗಲಿ, ಕೊನೆಯ ವಾರ ಹೆಚ್ಚಲು ಕೂತುಬಿಡಿ.