ಆರು ಗಾರ್ಡ್ ಬಾಗಿಲಿಗೆ ಕೇಬಲ್ ಎಷ್ಟು ಬೇಕು?

ಕಂಟ್ರೋಲ್ ಪ್ಯಾನೆಲ್‌ನಿಂದ ಮೊದಲ ಗಾರ್ಡ್ ಬಾಗಿಲಿಗೆ (ಯಂತ್ರದ ಸುರಕ್ಷತಾ ಬಾಗಿಲು) 15 ಮೀಟರ್, ಆಮೇಲೆ ಬಾಗಿಲಿಂದ ಬಾಗಿಲಿಗೆ 4 ಮೀಟರ್, ಬಾಗಿಲು ತೆರೆದಿದೆಯಾ ಅಂತ ತಿಳಿಸುವ ಆರು ಸ್ವಿಚ್ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು), 35 ಮೀಟರ್ ಸಾಕಾ ಅಂತ ಕೇಳಿದ್ದೀರಿ. ಸಾಲುವುದಿಲ್ಲ. ಅದು ಬರೀ ಟ್ರೇ (ಕೇಬಲ್ ಹಾಯಿಸುವ ತಟ್ಟೆ) ಉದ್ದ. ಟ್ರೇ 2 ಮೀಟರ್ ಮೇಲಿದ್ದರೆ ಕೇಬಲ್ ಪ್ರತಿ ಸ್ವಿಚ್‌ಗೂ ಇಳಿದು ಮತ್ತೆ ಹತ್ತಬೇಕು, ಕೊನೆಯದಕ್ಕೆ ಮಾತ್ರ ಇಳಿದರೆ ಸಾಕು, ಅಲ್ಲಿಗೇ 22 ಮೀಟರ್ ಜಾಸ್ತಿ ಆಯಿತು. ಆರು ತುಂಡಿನ ಎರಡೂ ತುದಿಗೆ ಅರ್ಧರ್ಧ ಮೀಟರ್ ಬಿಡಿ, ಒಟ್ಟು 63 ಮೀಟರ್. ಪ್ಯಾನೆಲ್ ಹತ್ತಿರ ಹತ್ತುವುದೂ ಇದೆ ಅಲ್ವಾ, ನಾನಾದರೆ 70 ತರಿಸುತ್ತೇನೆ.

ಎರಡು ಚಾನೆಲ್ (ಪ್ರತಿ ಸ್ವಿಚ್‌ಗೂ ಎರಡು ಪ್ರತ್ಯೇಕ ಸರ್ಕ್ಯೂಟ್) ಆದರೆ ನಾಲ್ಕು ಕೋರ್, ಅಂದರೆ ಒಳಗೆ ನಾಲ್ಕು ತಂತಿ ಇರುವ ಕೇಬಲ್. ವಾಪಸ್ ಬರುವ ತಂತಿಯೂ ಅದರಲ್ಲೇ ಇರುವುದರಿಂದ ರೆಸಿಸ್ಟೆನ್ಸ್ ಲೆಕ್ಕಕ್ಕೆ ಉದ್ದ ದುಪ್ಪಟ್ಟು. 0.75 ಚದರ ಮಿ.ಮೀ. ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 25 ಓಮ್, 140 ಮೀಟರಿಗೆ 3.5 ಓಮ್. ಇದು ಸಣ್ಣದೇ, ಆದರೂ ನಿಮ್ಮ ಸೇಫ್ಟಿ ರಿಲೇ (ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಸಾಧನ) ಮ್ಯಾನ್ಯುಯಲ್‌ನಲ್ಲಿರುವ ಮಿತಿ ನೋಡಿಬಿಡಿ. ಸ್ವಿಚ್ ಬದಲು ಎಲೆಕ್ಟ್ರಾನಿಕ್ ಸೆನ್ಸರ್ ಆದರೆ ಕಥೆ ಬೇರೆ, ಆರರ ಕರೆಂಟೂ ಮೊದಲ ತುಂಡಿನಲ್ಲೇ ಹರಿಯುತ್ತದೆ, ಹಾಗಾಗಿ ಕೊನೆಯ ಸೆನ್ಸರ್ ಹತ್ತಿರ 24 ವೋಲ್ಟ್‌ನಲ್ಲಿ ಎಷ್ಟು ಉಳಿದಿದೆ ಅಂತ ಅಳೆಯಿರಿ.

ಇನ್ನೊಂದು, ಸಾದಾ ಕಾಂಟ್ಯಾಕ್ಟ್ ಸ್ವಿಚ್‌ಗಳಾದರೆ ಒಂದರ ದೋಷ, ಬೇರೆ ಬಾಗಿಲು ತೆಗೆದು ಮುಚ್ಚಿದಾಗ ರಿಲೇಗೆ ಕಾಣದೆ ಹೋಗಬಹುದು. ಪದೇ ಪದೇ ತೆಗೆಯುವ ಬಾಗಿಲನ್ನು ಸುಮ್ನೆ ಈ ಸಾಲಿಗೆ ಸೇರಿಸಬೇಡಿ, ಅದಕ್ಕೆ ಬೇರೆ ರಿಲೇ ಕೊಡಿ.