ಮೇಜು ತೊಳೆಯುವ ಮಗಳು ಏನು ಕಲಿಯುತ್ತಿದ್ದಾಳೆ?

ಹಾಸನದ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಬೇಡ ಎಂದಿದ್ದಾರೆ. ಉದ್ದದ ಪತ್ರ, ಮುಖ್ಯ ಭಾಗವನ್ನಷ್ಟೇ ಇಲ್ಲಿ ಕೊಟ್ಟಿದ್ದೇನೆ.

"ನನ್ನ ಮಗಳಿಗೆ ಬರುವ ಜೂನ್‌ಗೆ ಐದು ತುಂಬುತ್ತದೆ. ಎರಡು ವರ್ಷದಿಂದ ಮಾಂಟೆಸರಿಗೆ ಹೋಗುತ್ತಿದ್ದಾಳೆ. ಇವತ್ತು ಏನು ಮಾಡಿದೆ ಅಂತ ಕೇಳಿದರೆ 'ಮೇಜು ತೊಳೆದೆ', 'ಗಿಡದ ಎಲೆ ಒರೆಸಿದೆ', 'ಚಿಕ್ಕ ಪಾಪುಗೆ ಗುಂಡಿ ಹಾಕೋದು ತೋರಿಸಿದೆ' ಅಂತಾಳೆ. ಪಕ್ಕದ ಮನೆ ಹುಡುಗ ಎಲ್‌ಕೆಜಿ. ನೂರರವರೆಗೆ ಬರೆಯುತ್ತಾನೆ. ನಮ್ಮತ್ತೆ, 'ಮನೇಲಿ ಮಾಡೋ ಕೆಲಸಕ್ಕೆ ಅಲ್ಲಿ ಫೀಸು ಯಾಕೆ ಕಟ್ಟಬೇಕು?' ಅಂತಾರೆ. ಯಜಮಾನರು ಜೂನ್‌ಗೆ ದೊಡ್ಡ ಶಾಲೆಯ ಯುಕೆಜಿಗೆ ಹಾಕೋಣ ಅಂತಿದ್ದಾರೆ. ಶಾಲೆಯವರನ್ನು ಕೇಳಿದರೆ 'ಇಲ್ಲಿ ಮಕ್ಕಳು ಒಬ್ಬರಿಗೊಬ್ಬರು ಆಗೋದನ್ನ ಕಲೀತಾರೆ' ಅಂದರು. ಕರುಣೆ ಒಳ್ಳೆಯದೇ. ಆದರೆ ಅದೂ ಒಂದು ವಿದ್ಯೆನಾ? ಮುಂದೆ ಎಲ್ಲರೂ ತಳ್ಳಿಕೊಂಡು ಹೋಗುವ ಕಡೆ ನನ್ನ ಮಗಳು ಹಿಂದೆ ನಿಂತುಬಿಟ್ಟರೆ?"

ನಮಸ್ಕಾರ ಅಮ್ಮಾ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಉತ್ತರ ಬರೆಯುವ ಮುಂಚೆ ಒಂದು ದಿನ ಬೆಳಿಗ್ಗೆ ಮೈಸೂರಿನ ಒಂದು ಚಿಕ್ಕ ಮಾಂಟೆಸರಿಗೆ ಹೋಗಿ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತೆ. ಹಳೇ ಹೆಂಚಿನ ಮನೆ, ಎರಡು ಕೋಣೆ. ಎರಡೂವರೆ ವರ್ಷದವರಿಂದ ಆರರವರೆಗಿನ ಮಕ್ಕಳು ಎಲ್ಲರೂ ಒಟ್ಟಿಗೇ ಇದ್ದರು. ಎಂ-1, ಎಂ-2, ಎಂ-3 (ಮಾಂಟೆಸರಿಯ ಮೊದಲ, ಎರಡನೇ, ಮೂರನೇ ವರ್ಷ) ಅಂತ ಪುಸ್ತಕದಲ್ಲಿ ಹೆಸರಿದ್ದರೂ ನಡುವೆ ಗೋಡೆ ಇರಲಿಲ್ಲ. ಅಲ್ಲಿ ಕಂಡ ಎರಡು ಸಂಗತಿ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಅಲ್ಲೇ.

ಮೂರು ವರ್ಷದ ಒಬ್ಬ ಹುಡುಗ ತಟ್ಟೆಯಲ್ಲಿ ಗಾಜಿನ ಹೂಜಿ ಇಟ್ಟುಕೊಂಡು ನಡೆದು ಬರುತ್ತಿದ್ದ. ಪ್ಲಾಸ್ಟಿಕ್ ಅಲ್ಲ, ನಿಜವಾದ ಗಾಜು. ಚಾಪೆಯ ಅಂಚಿಗೆ ಕಾಲು ತಾಗಿತು. ಹೂಜಿ ಬಿತ್ತು, ಒಡೆಯಿತು, ನೀರೆಲ್ಲ ಹರಡಿತು. ನಾನು ಕೂತಲ್ಲೇ ಗಟ್ಟಿಯಾಗಿ ಉಸಿರೆಳೆದುಕೊಂಡೆ, ಈಗ ಯಾರಾದರೂ ಬೈತಾರೆ ಅಂತ. ಯಾರೂ ಬೈಯಲಿಲ್ಲ. ಸುಮಾರು ಐದು ವರ್ಷದ ಹುಡುಗಿ ಎದ್ದು ಬಂದು, ಎರಡೂ ಕೈ ಚಾಚಿ ನಿಂತಳು. "ಈ ಕಡೆ ಬರಬೇಡಿ, ಗಾಜಿದೆ" ಅಂದಳು. ಶಿಕ್ಷಕಿ ಬಂದು ಚೂರುಗಳನ್ನು ಆಯ್ದುಕೊಂಡರು. ಅಷ್ಟರಲ್ಲಿ ಇನ್ನಿಬ್ಬರು ಒರೆಸುವ ಬಟ್ಟೆ ತಂದಿದ್ದರು. ಬೀಳಿಸಿದ ಹುಡುಗನ ತುಟಿ ನಡುಗುತ್ತಿತ್ತು. ಒಬ್ಬ ತನ್ನ ಕೈಲಿದ್ದ ಬಟ್ಟೆಯನ್ನು ಅವನಿಗೂ ಕೊಟ್ಟ. ಮೂವರೂ ಕುಕ್ಕರುಗಾಲಲ್ಲಿ ಕೂತು ಒರೆಸಿದರು. ಆಮೇಲೆ ಎಲ್ಲರೂ ತಮ್ಮ ತಮ್ಮ ಚಾಪೆಗೆ ಹೋದರು. "ಗುಡ್ ಗರ್ಲ್" ಅಂತ ಯಾರೂ ಹೇಳಲಿಲ್ಲ, ಚಪ್ಪಾಳೆಯೂ ಇಲ್ಲ. ಆ ಹುಡುಗಿ ಹೊಗಳಿಕೆಗೆ ಕಾಯಲೂ ಇಲ್ಲ.

ಇನ್ನೊಂದು ಸಂಗತಿ ಗುಲಾಬಿ ಗೋಪುರದ್ದು. ಪಿಂಕ್ ಟವರ್ ಅಂತಾರಲ್ಲ, ಅದೇ. ಹತ್ತು ಮರದ ಘನಗಳು. ಚಿಕ್ಕದು ಒಂದು ಸೆಂಟಿಮೀಟರ್, ದೊಡ್ಡದು ಹತ್ತು. ಒಬ್ಬಳು ಚಾಪೆ ಹಾಸಿ ಕಟ್ಟುತ್ತಿದ್ದಳು. ಇನ್ನೊಬ್ಬನಿಗೂ ಅದೇ ಬೇಕು. ಅವನು ಪಕ್ಕದಲ್ಲಿ ಕೂತ, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು. ಅವಳು ಕಟ್ಟಿ ಮುಗಿಸಿದಳು. ಇನ್ನೇನು ಎತ್ತಿಡುತ್ತಾಳೆ ಅಂದುಕೊಂಡರೆ, ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಿದಳು. ಅವನ ಮುಖ ಸ್ವಲ್ಪ ಚಿಕ್ಕದಾಯಿತು. ಎದ್ದು ಹೋಗಿ ಬೇರೆ ಏನೋ ಮಾಡಿಕೊಂಡಿದ್ದ. ಕಾಲು ಗಂಟೆ ಆದ ಮೇಲೆ ವಾಪಸ್ ಬಂದ. ಅವಳು ಅಷ್ಟೂ ತುಂಡುಗಳನ್ನು ಒಂದೊಂದಾಗಿ ಕಪಾಟಿಗೆ ಇಟ್ಟಿದ್ದಳು. ಅವನು ಅಲ್ಲಿಂದ ಒಂದೊಂದಾಗಿ ತಂದುಕೊಂಡ.

ಈ ಕೋಣೆಯಲ್ಲಿ ಪ್ರತಿಯೊಂದು ಸಾಮಾನೂ ಒಂದೊಂದೇ ಇರುತ್ತದೆ. ಬೇಕು ಅಂತಲೇ ಹಾಗೆ ಇಡುತ್ತಾರೆ. ಇಪ್ಪತ್ತೈದು ಮಕ್ಕಳಿಗೆ ಇಪ್ಪತ್ತೈದು ಗೋಪುರ ಕೊಟ್ಟರೆ ಯಾರೂ ಯಾರಿಗೂ ಕಾಯಬೇಕಿಲ್ಲ. ಒಂದೇ ಇದ್ದಾಗ ಕಾಯಬೇಕು. ಕಾಯುವಾಗ ಎದುರಿನವಳ ಕೆಲಸ ನೋಡಬೇಕು. ತನ್ನ ಸರದಿ ಬಂದಾಗ, ಇನ್ನೊಬ್ಬರು ಕಾಯುತ್ತಿದ್ದಾರೆ ಎಂಬ ನೆನಪು ತಾನಾಗೇ ಇರುತ್ತದೆ. ಗಾಜಿನ ಹೂಜಿಯೂ ಹಾಗೆಯೇ. ಒಡೆಯುವ ವಸ್ತು ಇದ್ದರೆ ಮಾತ್ರ ಹುಷಾರಾಗಿ ನಡೆಯುವುದು ಬರುತ್ತದೆ, ಒಡೆದಾಗ ಏನು ಮಾಡಬೇಕು ಅನ್ನುವುದೂ ಬರುತ್ತದೆ. ಶಾಲೆಯವರು ನಿಮಗೆ "ಒಬ್ಬರಿಗೊಬ್ಬರು ಆಗೋದು" ಅಂದರಲ್ಲ, ಅದು ನೀತಿಕಥೆ ಹೇಳಿ ಕಲಿಸುವಂಥದ್ದಲ್ಲ ಅಮ್ಮಾ. ಆ ಕೋಣೆಯನ್ನು ಜೋಡಿಸಿಟ್ಟ ರೀತಿಯಲ್ಲೇ ಅದು ಇದೆ.

ನಾನು ಓದಿದ ಶಾಲೆ ಬೇರೆ ಥರ. ಅಲ್ಲಿ ಮಾತಾಡಿದವರ ಹೆಸರನ್ನು ಮಾನಿಟರ್ ಬೋರ್ಡಿನ ಮೇಲೆ ಬರೆಯುತ್ತಿದ್ದ. ಎರಡನೇ ತರಗತಿಯಲ್ಲಿ ಪಕ್ಕದ ಹುಡುಗನಿಗೆ ಕಳೆಯುವ ಲೆಕ್ಕ ಬರಲಿಲ್ಲ. ದಶಕ ತೆಗೆದುಕೊಳ್ಳುವುದು ಹೇಗೆ ಅಂತ ಸ್ಲೇಟಿನ ಮೇಲೆ ತೋರಿಸಿದೆ. ಇಬ್ಬರಿಗೂ ಅಂಗೈ ಮೇಲೆ ಏಟು ಬಿತ್ತು. ಕಾಪಿ ಹೊಡೆಸಿದೆ ಅಂತ. ಆವತ್ತಿನಿಂದ ಪರೀಕ್ಷೆ ಇಲ್ಲದಿದ್ದಾಗಲೂ ಸ್ಲೇಟನ್ನು ಎಡಗೈಯಿಂದ ಮುಚ್ಚಿಕೊಂಡು ಬರೆಯುತ್ತಿದ್ದೆ. ನಿಮ್ಮ ಮಗಳು ಆ ವಯಸ್ಸಿಗಿಂತ ಮುಂಚೆಯೇ, ಗೊತ್ತಿರುವುದನ್ನು ಗೊತ್ತಿಲ್ಲದವರಿಗೆ ತೋರಿಸುವುದು ಸಹಜ ಅಂತ ಕಲಿತಿದ್ದಾಳೆ. ಅದನ್ನು ಓದಿ ನನಗೆ ನಿಜವಾಗಲೂ ಖುಷಿಯಾಯಿತು.

ಅತ್ತೆಯವರ ಪ್ರಶ್ನೆಗೆ ಬರುತ್ತೇನೆ. ಮೇಜು ತೊಳೆಯುವುದಕ್ಕೆ ಫೀಸು ಯಾಕೆ? ನ್ಯಾಯವಾದ ಪ್ರಶ್ನೆ. ಮಗಳಿಗೆ ಒಮ್ಮೆ ಮನೆಯಲ್ಲೇ ಮೇಜು ತೊಳೆದು ತೋರಿಸು ಅನ್ನಿ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಬ್ರಷ್ಷನ್ನು ಸುತ್ತುಸುತ್ತಾಗಿ ತಿರುಗಿಸುತ್ತಾ ಹೋಗುತ್ತಾಳೆ. ನಾವು ಬರೆಯುವ ದಿಕ್ಕು ಅದೇ ಅಲ್ವಾ? ಗುಂಡಿ ಹಾಕುವಾಗ, ಹಿಡಿ ಇರುವ ಮರದ ಸಿಲಿಂಡರ್‌ಗಳನ್ನು ಎತ್ತುವಾಗ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಕೆಲಸ ಮಾಡುತ್ತವೆ. ಪೆನ್ಸಿಲ್ ಹಿಡಿಯುವುದೂ ಅವೇ ಮೂರು. ಆಮೇಲೆ ಮರಳುಕಾಗದದ ಅಕ್ಷರ ಬರುತ್ತದೆ. 'ಅ' ಮೇಲೆ ಎರಡು ಬೆರಳು ಆಡಿಸುತ್ತಾ ಅದರ ಸದ್ದು ಹೇಳುತ್ತಾರೆ. ನಮ್ಮ ಕನ್ನಡ ಅಕ್ಷರಗಳಿಗೆ ಎಷ್ಟೊಂದು ತಿರುವು! ಕೈ ಮೊದಲೇ ಪಳಗಿದ್ದರೆ ಬರೆಯುವುದು ಹೊರೆ ಅನ್ನಿಸುವುದಿಲ್ಲ. ಪಕ್ಕದ ಮನೆ ಹುಡುಗ ನೂರರವರೆಗೆ ಬರೆಯುತ್ತಾನೆ, ಸಂತೋಷ. ನಿಮ್ಮ ಮಗಳು ಬಂಗಾರದ ಬಣ್ಣದ ಮಣಿಗಳಲ್ಲಿ ಒಂದು, ಹತ್ತರ ಕಡ್ಡಿ, ನೂರರ ಚೌಕ, ಸಾವಿರದ ಘನ ಇವನ್ನು ಕೈಯಲ್ಲಿ ಎತ್ತಿ ನೋಡುತ್ತಾಳೆ. ನೂರಕ್ಕೂ ಸಾವಿರಕ್ಕೂ ಎಷ್ಟು ವ್ಯತ್ಯಾಸ ಅಂತ ಅವಳ ತೋಳಿಗೇ ಗೊತ್ತಾಗುತ್ತದೆ.

ಈ ಪದ್ಧತಿ ಶ್ರೀಮಂತರ ಮಕ್ಕಳಿಗೆ ಹುಟ್ಟಿದ್ದು ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಫೀಸು ನೋಡಿದರೆ ಹಾಗೆ ಅನ್ನಿಸುವುದರಲ್ಲಿ ತಪ್ಪಿಲ್ಲ. ಆದರೆ ಶುರುವಾಗಿದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ, 1907ರ ಜನವರಿ 6ರಂದು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುತ್ತಿದ್ದ ವಠಾರ ಅದು. ಮಕ್ಕಳು ಗೋಡೆ ಮೆಟ್ಟಿಲು ಹಾಳು ಮಾಡುತ್ತಾರೆ ಅಂತ ಕಟ್ಟಡದವರು ಒಂದು ಕೋಣೆ ಕೊಟ್ಟು, ನೋಡಿಕೊಳ್ಳಿ ಅಂದರು. ಆ ಕೆಲಸ ವಹಿಸಿಕೊಂಡವರು ಮರಿಯಾ ಮಾಂಟೆಸರಿ. ವೃತ್ತಿಯಲ್ಲಿ ವೈದ್ಯೆ. ಅಲ್ಲಿನ ಒಂದು ನಿಯಮ ನನಗೆ ಬಹಳ ಇಷ್ಟ. ಶಿಕ್ಷಕಿ ಅದೇ ವಠಾರದಲ್ಲಿ ವಾಸ ಮಾಡಬೇಕು. ತಾಯಂದಿರು ವಾರಕ್ಕೊಮ್ಮೆಯಾದರೂ ಅವರ ಜೊತೆ ಕೂತು ಮಗುವಿನ ಬಗ್ಗೆ ಮಾತಾಡಬೇಕು. ಅಂದರೆ ಶಾಲೆ ಮತ್ತು ಮನೆ ಒಂದೇ ಅಂಗಳದಲ್ಲಿದ್ದವು.

ಒಂದು ದಿನ ಮಾಂಟೆಸರಿಯವರು ಆ ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದನ್ನು ತೋರಿಸಿಕೊಟ್ಟರಂತೆ. ಕರವಸ್ತ್ರ ಹೇಗೆ ಹಿಡಿಯಬೇಕು, ಸದ್ದಾಗದ ಹಾಗೆ ಹೇಗೆ ಒರೆಸಬೇಕು ಅಂತ ನಿಧಾನವಾಗಿ. ಮಕ್ಕಳು ನಗುತ್ತಾರೆ ಅಂದುಕೊಂಡಿದ್ದರು. ಮಕ್ಕಳು ಚಪ್ಪಾಳೆ ಹೊಡೆದರು. ಮೂಗು ಸುರಿಯುತ್ತಿದೆ ಅಂತ ಆ ಮಕ್ಕಳನ್ನು ಬೈದವರು, ಅಣಕಿಸಿದವರು ಎಷ್ಟೋ ಜನ. ಹೇಗೆ ಅಂತ ಮರ್ಯಾದೆಯಿಂದ ಹೇಳಿಕೊಟ್ಟವರು ಇವರೊಬ್ಬರೇ. ಮಕ್ಕಳಿಗೆ ಮರ್ಯಾದೆ ಕೊಟ್ಟರೆ ಅವರು ಅದನ್ನೇ ಇನ್ನೊಬ್ಬರಿಗೆ ದಾಟಿಸುತ್ತಾರೆ ಅಂತ ನಾನು ನಂಬಿರುವುದು ಇಂಥ ಕಾರಣಕ್ಕೆ.

ಅವರಿಗೂ ನಮ್ಮ ದಕ್ಷಿಣಕ್ಕೂ ನಂಟಿದೆ. 1939ರ ನವೆಂಬರ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಡಲು ಮದ್ರಾಸಿನ ಅಡ್ಯಾರಿಗೆ ಬಂದರು, ಥಿಯಸಾಫಿಕಲ್ ಸೊಸೈಟಿಯ ಕರೆಯ ಮೇಲೆ. ಆರೇಳು ತಿಂಗಳಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಶತ್ರು ದೇಶದವರು ಅಂತ ಬ್ರಿಟಿಷರು ಮಗ ಮಾರಿಯೊನನ್ನು ಬಂಧಿಸಿದರು. ತಾಯಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ, 1940ರ ಆಗಸ್ಟ್ 31ಕ್ಕೆ, ಬಿಟ್ಟರು. ಮುಂದೆ ಕೊಡೈಕೆನಾಲ್‌ನಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಇಟ್ಟುಕೊಂಡು ಗಿಡ, ಎಲೆ, ಹುಳ ಎಲ್ಲವನ್ನೂ ಪಾಠವಾಗಿಸಿದರು. ಯುದ್ಧದ ನಡುವೆ, ಪರದೇಶದಲ್ಲಿ, ಊರು ಬಿಟ್ಟು ಹೋಗಲಾಗದ ಸ್ಥಿತಿಯಲ್ಲಿ.

ಯಜಮಾನರಿಗೆ ಬಹುಶಃ ಇದಕ್ಕಿಂತ ಗಟ್ಟಿ ಆಧಾರ ಬೇಕಾಗಬಹುದು. ಅಮೆರಿಕದ ಮಿಲ್ವಾಕಿ ನಗರದಲ್ಲಿ ಆಂಜಲೀನ್ ಲಿಲ್ಲಾರ್ಡ್ ಮತ್ತು ನಿಕೋಲ್ ಎಲ್ಸ್-ಕ್ವೆಸ್ಟ್ ಎಂಬ ಸಂಶೋಧಕಿಯರು ಮಾಡಿದ ಅಧ್ಯಯನ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅಲ್ಲಿನ ಸರ್ಕಾರಿ ಮಾಂಟೆಸರಿಗೆ ಸೀಟು ಸಿಗುತ್ತಿದ್ದುದು ಲಾಟರಿಯಿಂದ. ಲಾಟರಿಯಲ್ಲಿ ಸೀಟು ಸಿಕ್ಕವರನ್ನೂ, ಸಿಗದೆ ಬೇರೆ ಶಾಲೆಗೆ ಹೋದವರನ್ನೂ ಹೋಲಿಸಿದರು. ಹಾಗಾಗಿ 'ಕಾಳಜಿ ಇರುವ ಅಪ್ಪ ಅಮ್ಮಂದಿರ ಮಕ್ಕಳು, ಅದಕ್ಕೇ ಮುಂದಿದ್ದಾರೆ' ಅಂತ ಹೇಳುವ ಹಾಗಿರಲಿಲ್ಲ. ಐದು ವರ್ಷದ ಮಾಂಟೆಸರಿ ಮಕ್ಕಳು ಅಕ್ಷರ ಗುರುತಿಸುವುದರಲ್ಲಿ, ಲೆಕ್ಕದಲ್ಲಿ ಮುಂದಿದ್ದರು. ಆಟದ ಬಯಲಲ್ಲಿ ತಳ್ಳಾಟ ಕಡಿಮೆ, ಕೂಡಿ ಆಡುವುದು ಜಾಸ್ತಿ. ಜಗಳದ ಸಂದರ್ಭ ಕೊಟ್ಟು ಏನು ಮಾಡ್ತೀಯ ಅಂದಾಗ, ನ್ಯಾಯ ಯಾವುದು ಅಂತ ಮಾತಾಡಿದವರು ಅವರಲ್ಲೇ ಜಾಸ್ತಿ. ಹನ್ನೆರಡು ವರ್ಷದವರು 'ಇದು ನಮ್ಮ ಶಾಲೆ, ಇವರು ನಮ್ಮವರು' ಎಂಬ ಭಾವನೆ ಹೆಚ್ಚಾಗಿ ಹೇಳಿಕೊಂಡರು. ಒಂದೇ ಮಾಂಟೆಸರಿ ಶಾಲೆಯನ್ನು ಇಟ್ಟುಕೊಂಡು, ಎರಡೂ ಗುಂಪು ಸೇರಿ ನೂರಕ್ಕೆ ಸ್ವಲ್ಪ ಮೇಲಿನ ಮಕ್ಕಳ ಮೇಲೆ ಮಾಡಿದ ಅಧ್ಯಯನ ಅಷ್ಟೇ, ಅದೇ ಕೊನೆ ಮಾತು ಅಂತ ನಾನು ಹೇಳುವುದಿಲ್ಲ. ಆದರೆ ಕರುಣೆ ಕಲಿತರೆ ಅಕ್ಷರಕ್ಕೆ ಕುತ್ತು ಅನ್ನುವ ಭಯ ಬೇಡ ಅಂತ ಹೇಳಲು ಅದು ಸಾಕು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಮಾಂಟೆಸರಿ ಎಂಬ ಹೆಸರು ಯಾರ ಸೊತ್ತೂ ಅಲ್ಲ, ಯಾರು ಬೇಕಾದರೂ ಬೋರ್ಡು ಹಾಕಬಹುದು. ಅದಕ್ಕೇ ನೀವು ಒಂದು ಬೆಳಿಗ್ಗೆ ಹೋಗಿ ಕೂತು ನೋಡಿ. ಬೇಡ ಅಂದರೆ ಯಾಕೆ ಅಂತ ಕೇಳಿ. ಸಾಮಾನು ಮಕ್ಕಳ ಕೈಗೆ ಎಟುಕುವ ತೆರೆದ ಕಪಾಟಿನಲ್ಲಿದೆಯೋ, ಬೀಗ ಹಾಕಿದ ಗಾಜಿನ ಬೀರುವಿನಲ್ಲಿದೆಯೋ ನೋಡಿ. ಮಕ್ಕಳು ಒಂದೇ ಕೆಲಸದಲ್ಲಿ ಬೇಕಾದಷ್ಟು ಹೊತ್ತು ಮುಳುಗಿರಬಹುದೋ, ಅಥವಾ ಅರ್ಧ ಗಂಟೆಗೊಮ್ಮೆ ಬೆಲ್ ಹೊಡೆಯುತ್ತದೆಯೋ? ನಿಮ್ಮ ಮಗಳು ಚಿಕ್ಕವನಿಗೆ ಗುಂಡಿ ಹಾಕುವುದನ್ನು ತಾನಾಗಿ ಹೋಗಿ ತೋರಿಸುತ್ತಾಳೋ, ಆಯಾ ಬಂದಿಲ್ಲ ಅಂತ ಅವಳ ಕೈಲಿ ಮಾಡಿಸುತ್ತಾರೋ? ಎರಡನೆಯದಾದರೆ ಧೈರ್ಯವಾಗಿ ಮಾತಾಡಿ. ಹಾಗಲ್ಲದಿದ್ದರೆ ಈ ಜೂನ್‌ನಲ್ಲಿ ದಯವಿಟ್ಟು ಬಿಡಿಸಬೇಡಿ. ಒಂದನೇ ತರಗತಿಗೆ ಇನ್ನೂ ಒಂದು ವರ್ಷವಾದರೂ ಇದೆ ತಾನೇ. ಮೂರನೇ ವರ್ಷದಲ್ಲೇ ಮಗು ಆ ಕೋಣೆಯ ಹಿರಿಯಳಾಗುವುದು. ಮೊದಲ ವರ್ಷ ಯಾರದೋ ಕೈ ಹಿಡಿದು ಬಂದವಳು ಈಗ ಕೈ ಕೊಡುತ್ತಾಳೆ. ಎರಡು ವರ್ಷ ಬಿತ್ತಿ, ತೆನೆ ಬರುವ ಹೊತ್ತಿಗೆ ಹೊಲ ಬಿಟ್ಟು ಬರಬಾರದು.

ಮುಂದೆ ಮಗಳು ಹಿಂದೆ ನಿಂತುಬಿಟ್ಟರೆ ಅಂತ ಕೇಳಿದ್ದೀರಿ. ಗಾಜಿನ ಎದುರು ಕೈ ಚಾಚಿ ನಿಂತ ಆ ಹುಡುಗಿಯನ್ನು ನೆನೆಸಿಕೊಳ್ಳುತ್ತೇನೆ. ಅವಳ ದನಿ ಮೆತ್ತಗಿತ್ತು, ಆದರೆ ಒಬ್ಬರೂ ಅವಳನ್ನು ದಾಟಿ ಹೋಗಲಿಲ್ಲ. ಮೆತ್ತಗಿರುವುದೂ ಪುಕ್ಕಲಾಗಿರುವುದೂ ಬೇರೆ ಬೇರೆ. ದೊಡ್ಡ ಶಾಲೆಗೆ ಹೋದ ಮೊದಲ ತಿಂಗಳು ನಿಮ್ಮ ಮಗಳಿಗೆ ಕಷ್ಟ ಆಗಬಹುದು, ಬೆಂಚು, ಬೆಲ್ಲು, ಡಿಕ್ಟೇಷನ್ ಎಲ್ಲ ಹೊಸದು. ಆಗ ನೀವು ಜೊತೆಗಿರಿ, ಅಷ್ಟು ಸಾಕು.

ಪತ್ರದ ಕೊನೆಯಲ್ಲಿ ನೀವು ಹೀಗೇ ಸುಮ್ನೆ ಅಂತ ಒಂದು ಮಾತು ಬರೆದಿದ್ದೀರಿ. ಅತ್ತೆಯವರ ಕೈ ನಡುಗಿ ಕಾಫಿ ಚೆಲ್ಲಿತು. ಅವರು ಬೇಜಾರು ಮಾಡಿಕೊಂಡು ಕೂತಿದ್ದಾಗ ಮಗಳು ಬಟ್ಟೆ ತಂದು ಒರೆಸಿ, "ಪರ್ವಾಗಿಲ್ಲ ಅಜ್ಜಿ, ನಾನೂ ಚೆಲ್ತೀನಿ" ಅಂದಳು. ಪತ್ರದಲ್ಲಿ ಕೇಳಿದ ಎಲ್ಲ ಪ್ರಶ್ನೆಗೂ ಉತ್ತರವನ್ನು ನೀವೇ ಅಲ್ಲಿ ಬರೆದುಬಿಟ್ಟಿದ್ದೀರಿ ಅನ್ನಿಸಿತು.

ಅತ್ತೆಯವರು ಹೂ ಚೆನ್ನಾಗಿ ಕಟ್ಟುತ್ತಾರೆ ಅಂತಲೂ ಬರೆದಿದ್ದೀರಿ. ಶಾಲೆಯಲ್ಲಿ ಕೇಳಿ, ಒಂದು ದಿನ ಅಜ್ಜಿ ಬಂದು ಮಕ್ಕಳಿಗೆ ಹೂ ಕಟ್ಟುವುದು ತೋರಿಸಬಹುದಾ ಅಂತ. ಒಳ್ಳೆಯ ಶಾಲೆಯಾದರೆ ಬನ್ನಿ ಅಂತಾರೆ. ಬಾಳೆನಾರು ನೆನೆಸಿಕೊಂಡು ಹೋಗಲಿ. ಮಲ್ಲಿಗೆ ಮೊಗ್ಗು ಪುಟ್ಟ ಬೆರಳಿಗೆ ಜಾರುತ್ತದೆ, ಕಾಕಡದಿಂದ ಶುರು ಮಾಡಿದರೆ ತೊಟ್ಟು ಉದ್ದ, ಹಿಡಿತಕ್ಕೆ ಸಿಗುತ್ತದೆ. ಮೊದಲ ಮಾಲೆ ಹೇಗೆ ಬಂತು ಅಂತ ನನಗೆ ಬರೆದು ತಿಳಿಸಿ.

- ಸಂಪಾದಕ